ರಾಣಿಯ ಮೇಲೆ ಹೊರಿಸಿದ ಮಾಯೆ

ನಮ್ಮ ಮನೆಯ ಗಂಡಸರಿಗೆ ಹಳೆಯ ಮಾಯಾಮಂತ್ರದ ಸಿನಿಮಾಗಳ ಹುಚ್ಚು. ಹುಚ್ಚೆಂದರೆ ಸಣ್ಣ ಹುಚ್ಚಲ್ಲ. ಬ್ಯಾಂಕಿನಿಂದ ನಿವೃತ್ತನಾದ ಅಣ್ಣ, ನಮ್ಮ ಭಾವ, ಹಿಂದಿನ ಕಾಂಪೌಂಡಿನ ಮರಾಠಿ ಮಾತಾಡುವ ಮಾಸ್ತರರು, ಈ ಮೂವರು ಆದಿತ್ಯವಾರ ಸಂಜೆ ಸೇರಿದರೆಂದರೆ ಮೊಬೈಲಿನಲ್ಲಿ ಹುಡುಕಿ ತೆಗೆದ ಯಾವುದಾದರೊಂದು ಕಪ್ಪುಬಿಳುಪು ಚಿತ್ರ ಟೀವಿಗೆ ಏರುತ್ತದೆ. ಚಿತ್ರ ಎರಡು ಗಂಟೆಯಾದರೆ ಅದರ ಮೇಲಿನ ಚರ್ಚೆ ಮೂರು ಗಂಟೆ. ನಡುವೆ ಎರಡು ಸಲ ಚಾ, ಒಂದು ಸಲ ಗೋಳಿಬಜೆ. ಮಾಡುವವಳು ಅತ್ತಿಗೆ. ನಾನು ಹೋಗಿದ್ದ ದಿನ ತಂದುಕೊಡುವವಳು ನಾನು.

ಕಳೆದ ನವರಾತ್ರಿಯ ರಜೆಯಲ್ಲಿ ಹಾಗೆ ಹೋಗಿದ್ದೆ. ಬೆಳಿಗ್ಗೆ ಎಲ್ಲರೂ ಒಟ್ಟಾಗಿ ಬೋಳಾರದ ಮಂಗಳಾದೇವಿಗೆ ಹೋಗಿ, ಸರತಿಯಲ್ಲಿ ನಿಂತು, ಕುಂಕುಮ ಹಚ್ಚಿಕೊಂಡು ಬಂದಿದ್ದೆವು. ಸಂಜೆ ಟೀವಿಯಲ್ಲಿ ‘ಮಾಯಾ ಮಚ್ಛೀಂದ್ರ’. 1932ರ ಚಿತ್ರ, ಪ್ರಭಾತ ಕಂಪೆನಿಯದ್ದು, ವಿ. ಶಾಂತಾರಾಮರ ನಿರ್ದೇಶನ. ಮಚ್ಛೀಂದ್ರನಾಗಿ ಗೋವಿಂದರಾವ್ ಟೆಂಬೆ, ಶಿಷ್ಯ ಗೋರಖನಾಗಿ ಮಾಸ್ಟರ್ ವಿನಾಯಕ, ಗಂಡಸರ ನೆರಳನ್ನೂ ಸಹಿಸದ ಸ್ತ್ರೀರಾಜ್ಯದ ರಾಣಿಯಾಗಿ ದುರ್ಗಾ ಖೋಟೆ. ರಾಣಿಯ ಪಕ್ಕದಲ್ಲಿ ಸಾಕಿದ ಚೀತಾ. ಬೊಂಬೆಯಲ್ಲ, ಜೀವವಿರುವ ಚೀತಾ. ಕತೆ ಎಲ್ಲರಿಗೂ ಗೊತ್ತಿರುವುದೇ. ಮಹಾಯೋಗಿ ಮಚ್ಛೀಂದ್ರ, ನಾವು ಮತ್ಸ್ಯೇಂದ್ರನಾಥ ಎನ್ನುವವನು, ಹೆಂಗಸರ ರಾಜ್ಯಕ್ಕೆ ಹೋಗಿ ರಾಣಿಯ ಮಾಯೆಗೆ ಸಿಕ್ಕಿ ಯೋಗವನ್ನೆಲ್ಲ ಮರೆತು ಕೂತ. ಶಿಷ್ಯ ಗೋರಖ ಹೋಗಿ ಗುರುವನ್ನು ಎಬ್ಬಿಸಿ ಕರೆತಂದ.

ಚಿತ್ರ ಮುಗಿದದ್ದೇ ಚರ್ಚೆ ಶುರುವಾಯಿತು. ಇದೇ ಕತೆಯನ್ನು ತಮಿಳಿನವರು 1939ರಲ್ಲಿ ಮಾಡಿದ್ದರು, ಅದರಲ್ಲಿ ಎಂ.ಜಿ.ಆರ್. ಸಣ್ಣ ಪಾತ್ರ ಮಾಡಿದ್ದರು ಎಂದು ಅಣ್ಣ. 1975ರಲ್ಲಿ ಎನ್.ಟಿ. ರಾಮರಾಯರ ತೆಲುಗು ಚಿತ್ರ ಬಂದಿತ್ತು, ಬಣ್ಣದಲ್ಲಿ ಆ ರಾಣಿಯ ದರ್ಬಾರು ನೋಡಬೇಕಿತ್ತು ಎಂದು ಭಾವ. ಮರಾಠಿ ಮಾಸ್ತರರು ಇಬ್ಬರನ್ನೂ ತಳ್ಳಿಹಾಕಿದರು. ಮೂಲ ‘ನವನಾಥ ಭಕ್ತಿಸಾರ’ ಓದದೆ ಮಾತಾಡಬಾರದು, ಅಲ್ಲಿ ರಾಣಿಯ ಹೆಸರು ಮೈನಾಕಿನಿ, ಅವಳೊಬ್ಬ ಶಾಪಗ್ರಸ್ತೆ ಎಂದರು. ಯಾವ ಚಿತ್ರದ ರಾಣಿ ಹೆಚ್ಚು ಕ್ರೂರಿ, ಯಾರ ಕಣ್ಣಿನಲ್ಲಿ ಹೆಚ್ಚು ವಿಷ, ಯಾರ ಮಾಯೆ ಹೆಚ್ಚು ಗಟ್ಟಿ ಎಂಬುದರಲ್ಲಿ ಮೂವರಿಗೂ ಮೂರು ಅಭಿಪ್ರಾಯ. ಆದರೆ ಒಂದು ವಿಷಯದಲ್ಲಿ ಏಕಮತ: ಹೆಂಗಸು ಕೆಟ್ಟವಳು, ಅವನು ಪಾಪ ಸಿಕ್ಕಿಬಿದ್ದ.

ನಾನು ಚಾದ ಲೋಟ ಇಡುತ್ತಾ ಕೇಳಿದೆ, “ಆ ರಾಣಿ ಯಾರೆಂದು ಗೊತ್ತುಂಟಾ? ಬೆಳಿಗ್ಗೆ ನೀವೆಲ್ಲ ಹಣೆಗೆ ಹಚ್ಚಿಕೊಂಡು ಬಂದದ್ದು ಯಾರ ಕುಂಕುಮ?”

ಮೂವರೂ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಅಣ್ಣ ನಕ್ಕು, “ಟೀಚರು ಶುರು ಮಾಡಿದಳು” ಎಂದ. ಅಲ್ಲಿಗೆ ಅವರ ಮಟ್ಟಿಗೆ ಮುಗಿಯಿತು. ನನ್ನ ಮಟ್ಟಿಗೆ ಮುಗಿಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರಿನಲ್ಲಿ ಜನ ಹೇಳುವ ಕತೆ ಇಷ್ಟು. ಮಲೆಯಾಳ ದೇಶದ ಒಬ್ಬ ರಾಣಿ. ಪರಿಮಳೆ ಎನ್ನುತ್ತಾರೆ, ಪ್ರೇಮಲಾದೇವಿ ಎಂದೂ ಹೇಳುತ್ತಾರೆ. ಅವಳು ರಾಜ್ಯ ಬಿಟ್ಟು ಮತ್ಸ್ಯೇಂದ್ರನಾಥನ ಶಿಷ್ಯೆಯಾಗಿ ಅವನ ಜೊತೆ ತುಳುನಾಡಿಗೆ ಬಂದಳು. ಅವನು ಅವಳಿಗೆ ಮಂಗಳಾದೇವಿ ಎಂದು ಹೆಸರಿಟ್ಟ. ಕದ್ರಿಗೆ ಹೋಗುವ ದಾರಿಯಲ್ಲಿ ಅವಳಿಗೆ ಕಾಯಿಲೆಯಾಗಿ ಬೋಳಾರದಲ್ಲೇ ಉಳಿದಳು, ಅಲ್ಲಿಯೇ ತೀರಿಕೊಂಡಳು. ಅವಳ ಹೆಸರಿನಲ್ಲಿ ಗುಡಿಯಾಯಿತು, ಗುಡಿಯಿಂದ ಊರಿಗೆ ಮಂಗಳೂರು ಎಂದು ಹೆಸರಾಯಿತು. ಗುಡಿ ಕಟ್ಟಿಸಿದ ಅರಸು ಆಳುಪರ ಕುಂದವರ್ಮ ಎನ್ನುತ್ತಾರೆ. ಅದೇ ಕುಂದವರ್ಮ 968ರಲ್ಲಿ ಕದ್ರಿಯಲ್ಲಿ ಮಾಡಿಸಿದ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹ ಇಂದಿಗೂ ಉಂಟು, ಶಾಸನ ಸಹಿತ. ಅದು ಬೌದ್ಧ ಮೂರ್ತಿಯೋ ಶೈವ ಮೂರ್ತಿಯೋ ಎಂದು ವಿದ್ವಾಂಸರು ಬೇಕಾದಷ್ಟು ಜಗಳಾಡಿದ್ದಾರೆ. ಕದ್ರಿಯಲ್ಲಿ ಮತ್ಸ್ಯೇಂದ್ರನ ಕಲ್ಲಿನ ಮೂರ್ತಿಯೂ ಉಂಟು. ಮಂಗಳಾದೇವಿಯ ಸ್ಥಳಪುರಾಣಕ್ಕೆ ಪರಶುರಾಮನ ಕಾಲಕ್ಕೆ ಒಯ್ಯುವ ಬೇರೊಂದು ಪಾಠವೂ ಇದೆ. ಇರಲಿ, ಯಾವುದು ಇತಿಹಾಸ ಯಾವುದು ಪುರಾಣ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಕದ್ರಿ ಜಾತ್ರೆಯ ಆರಂಭದ ದಿನಗಳಲ್ಲಿ ಕದ್ರಿಯ ಯೋಗಿಗಳು ಮಂಗಳಾದೇವಿಗೆ ಬಂದು ರೇಷ್ಮೆ ವಸ್ತ್ರ ಒಪ್ಪಿಸುವ ಸಂಪ್ರದಾಯವಿದೆಯಲ್ಲ, ಅದಂತೂ ಪುಸ್ತಕದ ಮಾತಲ್ಲ.

ಈಗ ಎರಡು ಕತೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಘಟ್ಟದ ಆಚೆ, ಮರಾಠಿಯಲ್ಲಿ, ಹಿಂದಿಯಲ್ಲಿ, ಸಿನಿಮಾದಲ್ಲಿ, ಮತ್ಸ್ಯೇಂದ್ರ ರಾಣಿಯ ರಾಜ್ಯಕ್ಕೆ ಹೋಗಿ ಅಲ್ಲಿ ಉಳಿದ. ಆದ್ದರಿಂದ ಅವಳು ಮಾಯಾವಿನಿ. ಘಟ್ಟದ ಈಚೆ, ನಮ್ಮಲ್ಲಿ, ರಾಣಿಯೇ ರಾಜ್ಯ ಬಿಟ್ಟು ಮತ್ಸ್ಯೇಂದ್ರನ ಹಿಂದೆ ಬಂದಳು. ಆದ್ದರಿಂದ ಅವಳು ದೇವಿ. ಗಂಡಸು ಅದೇ, ಹೆಂಗಸೂ ಹೆಚ್ಚುಕಡಿಮೆ ಅದೇ. ಯಾರು ಯಾರ ಮನೆಗೆ ಹೋದರು ಎಂಬುದಷ್ಟೇ ಬೇರೆ. ಅವಳು ಸಿಂಹಾಸನದಲ್ಲಿ ಕೂತಿದ್ದಾಗ ಮಾಟಗಾತಿ, ಇಳಿದು ನಡೆದಾಗ ಮಂಗಳೆ.

ಅವಳು ರಾಜ್ಯ ಹೇಗೆ ಆಳಿದಳು? ಕೆರೆ ತೋಡಿಸಿದಳೋ, ಸುಂಕ ಹೆಚ್ಚಿಸಿದಳೋ? ಅವಳು ಬಿಟ್ಟುಬಂದ ಮೇಲೆ ಆ ಜನ ಏನಾದರು? ಎರಡು ಕತೆಗಳಲ್ಲಿ ಯಾವುದರಲ್ಲೂ ಇದರ ಬಗ್ಗೆ ಅರ್ಧ ಸಾಲಿಲ್ಲ. ರಾಣಿಯ ಕತೆಯಲ್ಲಿ ಆಡಳಿತದ ಸುದ್ದಿಯೇ ಇಲ್ಲವೆಂದರೆ ಅದೆಂಥ ರಾಣಿಯ ಕತೆ ಮಾರಾಯ್ರೆ?

ಇನ್ನು ಮಾಯೆಯ ವಿಷಯ. ಆ 1932ರ ಚಿತ್ರದ ಕೊನೆಯನ್ನು ಗಮನವಿಟ್ಟು ನೋಡಿದವರಿಗೆ ಗೊತ್ತು. ಸ್ತ್ರೀರಾಜ್ಯ, ರಾಣಿ, ದರ್ಬಾರು ಎಲ್ಲ ಗುರು ಮಚ್ಛೀಂದ್ರನೇ ಶಿಷ್ಯನಿಗೆ ಪಾಠ ಕಲಿಸಲು ಹೂಡಿದ ಮಾಯೆ ಎಂದು ಅಲ್ಲಿ ಬಯಲಾಗುತ್ತದೆ. ಅಂದರೆ ಮಂತ್ರ ಹಾಕಿದವನು ಅವನು. ಚಿತ್ರದ ಹೆಸರೇ ಹೇಳುತ್ತದಲ್ಲ, ‘ಮಾಯಾ ಮಚ್ಛೀಂದ್ರ’ ಎಂದು! ಮಾಯೆ ಎಂಬ ಶಬ್ದ ಅಂಟಿರುವುದು ಅವನ ಹೆಸರಿಗೆ, ರಾಣಿಯ ಹೆಸರಿಗಲ್ಲ. ಆದರೂ ಚಿತ್ರ ನೋಡಿ ಎದ್ದ ನಮ್ಮ ಮೂವರು ಪಂಡಿತರ ಬಾಯಲ್ಲಿ ಮಾಯಾವಿನಿ ಯಾರು? ಅವಳೇ. ಮಾಯೆ ಅವನದ್ದು, ಹೆಸರು ಕೆಟ್ಟದ್ದು ಅವಳದ್ದು. ಅದೂ ಇಲ್ಲದ ಹೆಂಗಸಿನದ್ದು.

ಇನ್ನೊಂದು ತಮಾಷೆ. ಅದೇ 1932ರಲ್ಲಿ, ಅದೇ ಪ್ರಭಾತದವರ ಚಿತ್ರದಲ್ಲಿ, ಅದೇ ದುರ್ಗಾ ಖೋಟೆ ಇನ್ನೊಬ್ಬ ರಾಣಿಯ ಪಾತ್ರವನ್ನೂ ಮಾಡಿದ್ದರು. ‘ಅಯೋಧ್ಯೇಚಾ ರಾಜಾ’ದ ತಾರಾಮತಿ. ಗಂಡನ ಮಾತಿಗಾಗಿ ಬೀದಿಯಲ್ಲಿ ಮಾರಾಟವಾದ ರಾಣಿ. ಜನ ಅವಳಿಗಾಗಿ ಅತ್ತರು. ಚೀತಾ ಸಾಕಿಕೊಂಡವಳಿಗಾಗಿ ಯಾರು ಅಳುತ್ತಾರೆ?

ಮಾಸ್ತರರು ಹೇಳಿದ ನಾಥ ಕತೆಗಳನ್ನೇ ತೆಗೆದುಕೊಳ್ಳೋಣ. ಅವುಗಳಲ್ಲಿ ಮತ್ಸ್ಯೇಂದ್ರನಿಗೆ ರಾಣಿಯಿಂದ ಒಬ್ಬ ಮಗ, ಮೀನನಾಥ. ಗೋರಖ ಮದ್ದಳೆ ಬಾರಿಸುವವನಾಗಿ ಅರಮನೆ ಹೊಕ್ಕು, ಮದ್ದಳೆಯ ಪೆಟ್ಟಿನಲ್ಲೇ ‘ಗೋರಖ ಬಂದ’ ಎಂದು ಗುರುವಿಗೆ ಕೇಳಿಸಿದ. ಗುರು ಎಚ್ಚರವಾಗಿ ಹೊರಟ. ಹೊರಡುವಾಗ ಜೋಳಿಗೆಯಲ್ಲಿ ಒಂದು ಚಿನ್ನದ ಇಟ್ಟಿಗೆ! ದಾರಿಯುದ್ದಕ್ಕೂ ಕಳ್ಳರ ಹೆದರಿಕೆ. ಕೊನೆಗೆ ಗೋರಖನೇ ಅದನ್ನು ಎಸೆದ. ನನಗೆ ಇದು ಬಹಳ ಇಷ್ಟವಾದ ಭಾಗ. ರಾಣಿ ಬಿಟ್ಟುಹೋದಳು, ರಾಣಿಯ ಚಿನ್ನ ಬಿಡಲಿಲ್ಲ ನೋಡಿ. ಇದನ್ನು ಹೇಳಿ ನಗುವಾಗ ಮಾಸ್ತರರಿಗೆ ಗುರುವಿನ ಮೇಲೆ ಒಂದಿಷ್ಟೂ ಸಿಟ್ಟಿಲ್ಲ. ಗುರುಗಳಿಗೂ ಒಂದೊಂದು ದೌರ್ಬಲ್ಯ ಇರುತ್ತದಂತೆ.

ಇನ್ನೊಂದು ಭಾಗ ನಗುವಂಥದ್ದಲ್ಲ. ಮಗು ಮೈಯೆಲ್ಲ ಹೊಲಸು ಮಾಡಿಕೊಂಡಿತು, ತೊಳೆದುಕೊಂಡು ಬಾ ಎಂದು ಗುರು ಹೇಳಿದ. ಗೋರಖ ಆ ಮಗುವನ್ನು ಬಟ್ಟೆ ಒಗೆದ ಹಾಗೆ ಕಲ್ಲಿಗೆ ಒಗೆದು ಒಣಗಹಾಕಿದ. ತಂದೆ ಅತ್ತಾಗ, ಇನ್ನೂ ಮೋಹ ಹೋಗಿಲ್ಲವಲ್ಲ ಎಂದು ತೋರಿಸಿಕೊಟ್ಟು, ಮಗುವನ್ನು ಮತ್ತೆ ಬದುಕಿಸಿದ. ಇದು ವೈರಾಗ್ಯದ ಪಾಠ. ನಾನು ಮೂವತ್ತು ವರ್ಷ ಮಕ್ಕಳ ನಡುವೆ ಇದ್ದವಳು. ಮೂಗಿನ ಸಿಂಬಳ ಒರೆಸಿ ಅಕ್ಷರ ಕಲಿಸಿದವಳು. ಈ ಪಾಠ ನನಗೆ ತಲೆಗೆ ಹೋಗುವುದಿಲ್ಲ. ಇದೇ ಕೆಲಸವನ್ನು ರಾಣಿ ಮಾಡಿದ್ದಿದ್ದರೆ ಅವಳ ಹೆಸರು ಏನಾಗುತ್ತಿತ್ತು ಎಂದು ಯೋಚಿಸಿ. ನಮ್ಮ ಆಟದಲ್ಲಿ ಪೂತನಿಗೆ ಹೆಣ್ಣುಬಣ್ಣ ಬರೆದು ತೆರೆಯ ಹಿಂದಿನಿಂದ ಆರ್ಭಟ ಕೊಡಿಸುತ್ತೇವೆ. ಗೋರಖನಿಗೆ ಯಾರೂ ಬಣ್ಣ ಬರೆದದ್ದಿಲ್ಲ.

ಅಣ್ಣನ ವಾದ ಗೊತ್ತುಂಟು. “ನೀನು ಶಬ್ದಾರ್ಥ ಹಿಡಿದು ಎಳೆಯಬೇಡ. ಅದೆಲ್ಲ ತತ್ತ್ವ. ರಾಣಿಯೆಂದರೆ ಪ್ರಕೃತಿ, ಮಚ್ಛೀಂದ್ರನೆಂದರೆ ಜೀವ, ಗೋರಖನೆಂದರೆ ಎಚ್ಚರ.” ಸರಿ. ನಮ್ಮ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲೂ ಬನವಾಸಿಯ ಮಾಯಾದೇವಿ ಇದ್ದಾಳೆ, ಮದ್ದಳೆ ಬಾರಿಸುವ ಅಲ್ಲಮನಿದ್ದಾನೆ. ಅಲ್ಲಿಯೂ ಮಾಯೆ ಎಂದರೆ ಹೆಣ್ಣೇ. ಆದರೆ ಅಲ್ಲಿ ಒಂದು ಮರ್ಯಾದೆಯಿದೆ. ಅಲ್ಲಮ ಅವಳ ಬಲೆಗೆ ಬೀಳುವುದೇ ಇಲ್ಲ. ಬಿದ್ದು, ಎದ್ದು, ಆಮೇಲೆ ಅವಳನ್ನು ದೂರುವುದಿಲ್ಲ. ತತ್ತ್ವ ಹೇಳಲಿಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಪ್ರತಿ ಸಲವೂ ಪ್ರಕೃತಿಗೆ ಸೀರೆ, ಎಚ್ಚರಕ್ಕೆ ಮೀಸೆ ಯಾಕೆ? ಸಿನಿಮಾ ನೋಡುವ ಮಕ್ಕಳ ಕಣ್ಣಿಗೆ ಕಾಣುವುದು ಪ್ರಕೃತಿಯಲ್ಲ, ಹುಬ್ಬು ತಿದ್ದಿಕೊಂಡು ಸಿಂಹಾಸನದಲ್ಲಿ ಕೂತ ಹೆಂಗಸು.

ಸ್ತ್ರೀರಾಜ್ಯ ಎಂಬ ಮಾತು ಎಲ್ಲಿಂದ ಹುಟ್ಟಿತು ಎಂಬುದರ ಬಗ್ಗೆ ನನ್ನದೊಂದು ಊಹೆಯಿದೆ. ಊಹೆ ಎಂದೇ ತೆಗೆದುಕೊಳ್ಳಿ. ಮಲಬಾರಿನಲ್ಲಿ ಮರುಮಕ್ಕತ್ತಾಯ, ನಮ್ಮಲ್ಲಿ ಅಳಿಯಸಂತಾನ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವ ತನಕ ಇಲ್ಲಿ ಎಷ್ಟೋ ಮನೆತನಗಳಲ್ಲಿ ಆಸ್ತಿ ಹರಿಯುತ್ತಿದ್ದದ್ದು ತಾಯಿಯ ಕಡೆಯಿಂದ. ಯಜಮಾನಿಕೆ ಸೋದರಮಾವನದ್ದೇ ಆದರೂ ಬೇರು ಹೆಣ್ಣಿನದ್ದು. ಗಂಡನ ಮನೆಗೆ ಹೋಗದೆ ತನ್ನ ಮನೆಯಲ್ಲೇ ಕೂತ ಹೆಂಗಸನ್ನು ದೂರದಿಂದ ಬಂದ ಜೋಗಿ ಕಂಡಾಗ ಅವನಿಗೆ ಅದು ಮಾಟದ ದೇಶದಂತೆ ಕಂಡದ್ದರಲ್ಲಿ ಏನು ಆಶ್ಚರ್ಯ?

ಊಹೆ ಬೇಡ, ದಾಖಲೆ ಬೇಕೆನ್ನುವವರಿಗೆ ದಾಖಲೆಯೂ ಉಂಟು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಮಂಗಳೂರಿಗೆ ಬಂದ. ಉಳ್ಳಾಲದ ರಾಣಿಯನ್ನು ನೋಡಬೇಕೆಂದು ಮಣೇಲಿಗೆ ಹೋದ. ರಾಣಿ ಸಿಕ್ಕಿದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ಅಗೆಯುತ್ತಿದ್ದ ಕಾಲುವೆಗಳ ಕೆಲಸ ನೋಡಲು ಅವಳೇ ಬರಿಗಾಲಿನಲ್ಲಿ ನಡೆದು ಹೊರಟಿದ್ದಳು. ಉಟ್ಟದ್ದು ಸಾದಾ ಹತ್ತಿಬಟ್ಟೆ. ನೋಡಿದರೆ ರಾಣಿಗಿಂತ ಅಡಿಗೆಮನೆಯ ಆಳಿನಂತೆ ಕಂಡಳು, ಆದರೆ ಮಾತಾಡಿದಾಗ ರಾಣಿಯೆಂದು ತಿಳಿಯಿತು ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. ಇವಳೇ ಗಂಡ ಬಂಗರಸನನ್ನು ಬಿಟ್ಟು, ಅವನು ಕೊಟ್ಟ ಒಡವೆಗಳನ್ನು ಅವನಿಗೇ ಹಿಂದೆ ಕಳಿಸಿದವಳು. ಅಬ್ಬಕ್ಕನ ಹೆಸರಿನಲ್ಲಿ ಈಗ ಉತ್ಸವ ನಡೆಯುತ್ತದೆ, 2012ರಲ್ಲಿ ತಟರಕ್ಷಣಾ ಪಡೆಯ ಒಂದು ಹಡಗಿಗೂ ಆ ಹೆಸರಿಟ್ಟರು. ಸಂತೋಷ. ಆದರೆ ಆ ಪ್ರವಾಸಿಯ ಪುಸ್ತಕದಲ್ಲೇ ಇನ್ನೊಂದು ಮಾತೂ ಇದೆ. ಅವಳು ಅಧಿಕಾರಕ್ಕಾಗಿ ತನ್ನ ಹಿರಿಯ ಮಗನಿಗೇ ವಿಷ ಹಾಕಿಸಿದಳು ಎಂದು ಜನ ಆಡಿಕೊಳ್ಳುತ್ತಿದ್ದರಂತೆ.

ನಿಜವೋ ಸುಳ್ಳೋ ನಾಲ್ಕುನೂರು ವರ್ಷಗಳಾದ ಮೇಲೆ ಯಾರಿಗೆ ಗೊತ್ತು? ನನಗೆ ಕುತೂಹಲ ಆ ವಿಷದ ಬಗ್ಗೆ. ಕಾಲುವೆ ತೋಡಿಸುವ ಅರಸು ಕಂಡರೆ ಜನ ಕಾಲುವೆಯ ಮಾತಾಡುತ್ತಾರೆ. ಕಾಲುವೆ ತೋಡಿಸುವ ಅರಸಿಯನ್ನು ಕಂಡರೆ ಅನ್ನದಲ್ಲಿ ಏನು ಹಾಕಿದಳು ಎಂದು ಕೇಳುತ್ತಾರೆ.

ಅನ್ನದಲ್ಲಿ ಏನು ಹಾಕಿದಳು ಎಂಬ ಪ್ರಶ್ನೆ ನಮ್ಮೂರಿನಲ್ಲಿ ರಾಣಿಯರಿಗೆ ಮಾತ್ರ ಅಲ್ಲ. ಕೈವಿಷ ಎಂಬ ಮಾತನ್ನು ಕೇಳದ ಮನೆ ಇಲ್ಲಿಲ್ಲ. ಗಂಡ ಹೆಂಡತಿಯ ಮಾತು ಕೇಳುತ್ತಾನೆ ಎಂದರೆ ಅವಳು ಅವನಿಗೆ ಊಟದಲ್ಲಿ ಮದ್ದು ಹಾಕಿದ್ದಾಳೆ ಎಂದರ್ಥ. ಆ ಮದ್ದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದಾರೆ.

ಇಲ್ಲಿ ನಾನೊಂದು ಹೇಳಬೇಕು. ಹೇಳದೆ ರಾಣಿಯ ಪರ ವಕಾಲತ್ತು ಮಾಡಿದರೆ ಅದು ಕಪಟವಾಗುತ್ತದೆ.

ಅಣ್ಣನಿಗೆ ಮದುವೆಯಾಗಿ ಒಂದು ವರ್ಷವಾಗಿತ್ತು. ನಾನು ಆಗಷ್ಟೇ ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಅಲ್ಲಿಯವರೆಗೆ ಸಂಬಳದ ಕವರನ್ನು ಅಮ್ಮನ ಕೈಗೆ ಕೊಡುತ್ತಿದ್ದ ಅಣ್ಣ ಅದನ್ನು ಅತ್ತಿಗೆಯ ಕೈಗೆ ಕೊಡಲು ಶುರು ಮಾಡಿದ. ಅತ್ತಿಗೆ ಲೆಕ್ಕದಲ್ಲಿ ಗಟ್ಟಿ. ಹಾಲಿನವನ ಬಾಕಿ, ಅಂಗಡಿಯ ಬಾಕಿ, ನನ್ನ ಫೀಸಿಗೆಂದು ಮಾಡಿದ ಸಾಲ, ಎಲ್ಲವನ್ನೂ ಒಂದು ನೋಟ್ ಬುಕ್ಕಿನಲ್ಲಿ ಬರೆದಿಟ್ಟು ಒಂದೊಂದಾಗಿ ತೀರಿಸಿದಳು. ಮನೆ ಉದ್ಧಾರವಾಯಿತು. ಅಮ್ಮನಿಗೆ ನಿದ್ದೆ ಹೋಯಿತು. ಅಕ್ಕಪಕ್ಕದವರು ಬಂದು ಅದೇ ಮಾತು ಹೇಳಿದರು, ಮದ್ದು ಹಾಕಿದ್ದಾಳೆ ಎಂದು. ಅಮ್ಮ ಅಣ್ಣನನ್ನು ಹೊಟ್ಟೆನೋವಿನ ನೆಪ ಹೇಳಿ ಕೈವಿಷ ತೆಗೆಯುವವರ ಹತ್ತಿರ ಕರೆದುಕೊಂಡು ಹೋದಳು. ಅವರು ಏನೋ ಕುಡಿಸಿದರು. ಅಣ್ಣ ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿದ. ಬಂದದ್ದರಲ್ಲಿ ಏನೋ ಅಂಟಿನ ಹಾಗಿದ್ದದ್ದನ್ನು ತೋರಿಸಿ, “ಇದೇ ಅದು” ಎಂದರು. ಪಾತ್ರೆ ಹಿಡಿದುಕೊಂಡು ನಿಂತವಳು ನಾನು. ಬಿ.ಎ., ಬಿ.ಎಡ್. ಮಕ್ಕಳ ಮನೋವಿಜ್ಞಾನದಲ್ಲಿ ನೂರಕ್ಕೆ ಎಪ್ಪತ್ತು ಅಂಕ.

ಬೆಳಿಗ್ಗೆ ತಿಂದ ದೋಸೆಯ ಹಿಟ್ಟು ಅದು ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ನಿಜ ಹೇಳುತ್ತೇನೆ, ಒಳಗೊಳಗೆ ಸ್ವಲ್ಪ ಸಮಾಧಾನವೂ ಆಗಿತ್ತು. ನನ್ನ ಫೀಸಿನ ಸಾಲವನ್ನು ಅತ್ತಿಗೆ ತೀರಿಸಿದ್ದು ನನಗೆ ಹಿಡಿಸಿರಲಿಲ್ಲ. ಅವಳು ಮಂತ್ರವಾದಿನಿ ಎಂದಾದರೆ ನಾನು ಅವಳ ಋಣದಲ್ಲಿ ಇರಬೇಕಾಗಿರಲಿಲ್ಲವಲ್ಲ. ಮನೆಗೆ ಬಂದಾಗ ಅತ್ತಿಗೆ ಗಂಜಿ ಮಾಡಿ ಇಟ್ಟಿದ್ದಳು. ಅಮ್ಮ ಅಣ್ಣನಿಗೆ ಅದನ್ನು ಕೊಡಲು ಬಿಡಲಿಲ್ಲ. ಅಂದಿನಿಂದ ಮೂರು ತಿಂಗಳು ಅವನಿಗೆ ಅಮ್ಮನೇ ಬಡಿಸಿದಳು. ಅತ್ತಿಗೆ ಏನೂ ಕೇಳಲಿಲ್ಲ. ಏನಾಯಿತೆಂದು ಅವಳಿಗೆ ಗೊತ್ತಿಲ್ಲವೆಂದು ನಾವು ತಿಳಿದುಕೊಂಡಿದ್ದೆವು.

ಆದ್ದರಿಂದ ಸಿನಿಮಾದ ರಾಣಿಯನ್ನು ಮಾಯಾವಿನಿ ಎಂದು ಹರಟೆ ಹೊಡೆದರೆ ಯಾರಿಗೇನು ನಷ್ಟ ಎನ್ನುವವರಿಗೆ ನನ್ನ ಉತ್ತರ ಅದು. ನಷ್ಟವಾಗುವುದು ಸಿನಿಮಾದ ರಾಣಿಗಲ್ಲ. ಜಾರ್ಖಂಡಿನ ಛುಟ್ನಿ ದೇವಿಯ ಹೆಸರನ್ನು ನೀವು ಕೇಳಿರಬಹುದು. 1995ರಲ್ಲಿ ಅವರ ಊರಿನವರೇ ಅವರನ್ನು ಮಾಟಗಾತಿಯೆಂದು ಹಿಂಸಿಸಿದರು. ಊರು ಬಿಟ್ಟುಹೋದ ಅವರು ಆಮೇಲೆ ತನ್ನಂಥ ಎಷ್ಟೋ ಹೆಂಗಸರನ್ನು ಕಾಪಾಡಿದರು, 2021ರಲ್ಲಿ ಪದ್ಮಶ್ರೀ ಬಂತು. ಜಾರ್ಖಂಡ್ ರಾಜ್ಯ 2001ರಲ್ಲೇ ಇದಕ್ಕಾಗಿ ಕಾಯ್ದೆ ಮಾಡಬೇಕಾಯಿತು. ಅದು ಎಲ್ಲಿಯದೋ ಕಾಡಿನ ಸುದ್ದಿ, ನಾವು ವಿದ್ಯಾವಂತರ ಜಿಲ್ಲೆಯವರು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನು ಹಿಡಿದ ಪಾತ್ರೆ ಹಿತ್ತಾಳೆಯದ್ದಾಗಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿ ತಂದದ್ದು.

ಈಗಿನ ಹುಡುಗಿಯರು ಬೇರೆ. ಹಿಂದೆ ಶಾಲೆಯ ವಾರ್ಷಿಕೋತ್ಸವಕ್ಕೆ ಹಿಮಬಿಳಿಯ ರಾಜಕುಮಾರಿಯ ನಾಟಕ ಮಾಡಿಸಿದರೆ ಕನ್ನಡಿ ಹಿಡಿದ ಕೆಟ್ಟ ರಾಣಿಯ ಪಾತ್ರಕ್ಕೆ ಯಾರೂ ಸಿಗುತ್ತಿರಲಿಲ್ಲ. ಕಪ್ಪಗಿನ ಹುಡುಗಿಯನ್ನು ಹಿಡಿದು ಮಾಡಿಸುತ್ತಿದ್ದರು, ಅವಳು ಮನೆಗೆ ಹೋಗಿ ಅಳುತ್ತಿದ್ದಳು. ಗ್ರಿಮ್ ಸಹೋದರರ ಕತೆಯಲ್ಲಿ ಆ ರಾಣಿಗೆ ಕಾದ ಕಬ್ಬಿಣದ ಜೋಡು ತೊಡಿಸಿ ಸಾಯುವ ತನಕ ಕುಣಿಸುತ್ತಾರೆ. ಅದನ್ನು ನಾವು ನಾಟಕದಲ್ಲಿ ಬಿಟ್ಟುಬಿಡುತ್ತಿದ್ದೆವು. ಈಚೆಗೆ ಅದೇ ನಾಟಕಕ್ಕೆ ಪಾತ್ರ ಹಂಚಲು ಹೋದರೆ ಒಂಬತ್ತನೆಯ ತರಗತಿಯ ಹುಡುಗಿಯರೆಲ್ಲ ರಾಣಿಯೇ ಬೇಕು ಎಂದರು. ರಾಜಕುಮಾರಿಯಾಗಲು ಜನವಿಲ್ಲ!

ಅವರಿಗೆ ಈ ಹೊಸ ಕಣ್ಣು ಕೊಟ್ಟದ್ದು ‘ಮೆಲೆಫಿಸೆಂಟ್’ ಎಂಬ ಚಿತ್ರವಂತೆ. ಡಿಸ್ನಿಯವರು 1959ರಲ್ಲಿ ನಿದ್ರಾಸುಂದರಿಯ ಕತೆಯಲ್ಲಿ ಶಾಪ ಕೊಡುವ ಕೊಂಬಿನ ಮಾಟಗಾತಿಯನ್ನಾಗಿ ಅವಳನ್ನು ತೋರಿಸಿದ್ದರು. 2014ರಲ್ಲಿ ಅವಳನ್ನೇ ನಾಯಕಿ ಮಾಡಿದರು. ಏಂಜೆಲಿನಾ ಜೋಲಿಯ ಪಾತ್ರ. 2019ರಲ್ಲಿ ಎರಡನೆಯ ಭಾಗವೂ ಬಂತು. ಕ್ಲಾಸಿನಲ್ಲಿ ಅದರ ಚರ್ಚೆ ಜೋರು. “ಅವಳು ಸುಮ್ಮನೆ ಕೆಟ್ಟವಳಾದದ್ದಲ್ಲ ಟೀಚರ್. ಅವಳು ನಂಬಿದ ಹುಡುಗ ರಾಜನಾಗುವ ಆಸೆಗೆ ಅವಳ ರೆಕ್ಕೆ ಕತ್ತರಿಸಿಕೊಂಡು ಹೋದ. ಅದಕ್ಕೆ ಅವಳು ಹಾಗಾದದ್ದು” ಎಂದು ಒಬ್ಬಳು ಕಣ್ಣೀರು ತುಂಬಿಕೊಂಡು ಹೇಳಿದಳು. ಮಾಟಗಾತಿಯ ಕಡೆಯ ಕತೆಯನ್ನೂ ಕೇಳಬೇಕೆಂದು ಹದಿನಾಲ್ಕು ವರ್ಷದವಳಿಗೆ ಹೊಳೆದಿದೆಯಲ್ಲ, ಅದು ನನ್ನ ಪ್ರಾಯದವರಿಗೆ ಹೊಳೆಯಲು ಅರ್ಧ ಆಯುಷ್ಯ ಬೇಕಾಯಿತು.

ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಳೆಯ ಕತೆಯಲ್ಲಿ ಅವಳು ಕಾರಣವಿಲ್ಲದೆ ಕೆಟ್ಟವಳು. ಹೊಸ ಕತೆಯಲ್ಲಿ ಗಂಡಸೊಬ್ಬ ಮೋಸ ಮಾಡಿದ್ದಕ್ಕೆ ಕೆಟ್ಟವಳು. ಎರಡರಲ್ಲೂ ಅವಳ ಕೈಯಲ್ಲಿರುವ ಅಧಿಕಾರಕ್ಕೆ ಸಮಜಾಯಿಷಿ ಕೇಳುತ್ತಿದ್ದೇವೆ. ಎದೆ ಒಡೆಯದೆ ಹೆಂಗಸು ಸಿಂಹಾಸನದಲ್ಲಿ ಕೂರಬಾರದೇ? ಯಾವ ರಾಜನನ್ನಾದರೂ, ಪಾಪ ಯಾವ ಹುಡುಗಿ ಕೈಕೊಟ್ಟದ್ದಕ್ಕೆ ಇವನು ರಾಜ್ಯ ಆಳಲು ಹೊರಟ ಎಂದು ಕೇಳಿದ್ದುಂಟೇ? ನಮ್ಮ ಆಟದ ಪ್ರಮೀಳೆಯನ್ನು ನೋಡಿ. ಜೈಮಿನಿ ಭಾರತದ ಸ್ತ್ರೀರಾಜ್ಯದ ಒಡತಿ, ಅಶ್ವಮೇಧದ ಕುದುರೆ ಕಟ್ಟಿ ಅರ್ಜುನನನ್ನು ಬೆವರಿಳಿಸಿದವಳು. ಕಸೆ ಸ್ತ್ರೀವೇಷ ರಂಗಕ್ಕೆ ಬಂದು ಯುದ್ಧದ ಪದಗಳಿಗೆ ಕುಣಿಯುವಾಗ ಮೈ ಝುಮ್ಮೆನ್ನುತ್ತದೆ. ಬೆಳಗಾಗುವಾಗ ಏನಾಗುತ್ತದೆ? ಅರ್ಜುನನಿಗೆ ಅವಳನ್ನು ಗೆಲ್ಲಲಾಗದಾಗ ಮದುವೆ ಮಾಡಿಸಿ ಮಂಗಳ ಹಾಡುತ್ತಾರೆ. ರಾಜ್ಯದ ಗತಿ ಏನೆಂದು ಭಾಗವತರೂ ಹೇಳುವುದಿಲ್ಲ, ನಿದ್ದೆಗಣ್ಣಿನಲ್ಲಿ ಚಾಪೆ ಮಡಚುವ ನಾವೂ ಕೇಳುವುದಿಲ್ಲ.

ಮತ್ತೆ ಕದ್ರಿಗೇ ಬರುತ್ತೇನೆ. ಅಲ್ಲಿಯ ಜೋಗಿ ಮಠದ ಪೀಠಾಧಿಪತಿಯನ್ನು ‘ರಾಜ’ ಎಂದೇ ಕರೆಯುವುದು. ನಾಸಿಕದ ತ್ರ್ಯಂಬಕೇಶ್ವರದ ಕುಂಭಮೇಳವಾದ ಮೇಲೆ ನಾಥ ಯೋಗಿಗಳ ತಂಡ ಅಲ್ಲಿಂದ ಕಾಲ್ನಡಿಗೆಯಲ್ಲಿ ತಿಂಗಳುಗಟ್ಟಲೆ ನಡೆದು ಕದ್ರಿಗೆ ಬರುತ್ತದೆ. 12 ವರ್ಷಕ್ಕೊಮ್ಮೆ ಹೊಸ ರಾಜನಿಗೆ ಪಟ್ಟಾಭಿಷೇಕ. 2016ರಲ್ಲಿ ಆದದ್ದನ್ನು ನಾನೂ ಜನಸಂದಣಿಯಲ್ಲಿ ನಿಂತು ನೋಡಿದ್ದೇನೆ. ಭಕ್ತಿಯಿಂದಲೇ ನೋಡಿದೆ. ಹಾಗೆ ನಡೆದು ಬಂದ ಕಾಲುಗಳನ್ನು ಕಂಡರೆ ಯಾರಿಗಾದರೂ ಕೈ ಮುಗಿಯಬೇಕೆನಿಸುತ್ತದೆ. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಒಂದು ವಿಚಾರ ಬಂತು. ಎಲ್ಲ ಬಿಟ್ಟ ಯೋಗಿ ಇಲ್ಲಿಗೆ ಬಂದು ರಾಜನಾಗಬಹುದು, ಅದರಿಂದ ಅವನ ಯೋಗಕ್ಕೆ ಕುಂದಿಲ್ಲ. ರಾಣಿಯಾಗಿದ್ದವಳು ಮಾತ್ರ ಪೂಜೆಗೆ ಅರ್ಹಳಾಗಬೇಕಾದರೆ ರಾಜ್ಯ ಬಿಡಬೇಕು, ಹೆಸರು ಬಿಡಬೇಕು, ದಾರಿಯಲ್ಲಿ ಸಾಯಬೇಕು. ಬೋಳಾರದಿಂದ ಕದ್ರಿಗೆ ಹೆಚ್ಚೆಂದರೆ 5 ಕಿಲೋಮೀಟರು. ಅಷ್ಟು ದೂರವೂ ಅವಳಿಗೆ ತಲುಪಲಾಗಲಿಲ್ಲ.

ಅಣ್ಣನ ಮನೆಯ ಆ ಸಂಜೆಯ ವಿಷಯ ಹೇಳುತ್ತಿದ್ದೆನಲ್ಲ. ಮಾಸ್ತರರೂ ಭಾವನೂ ಎದ್ದುಹೋದರು. ಮುಂದಿನ ವಾರ ತೆಲುಗಿನದ್ದನ್ನೇ ಹಾಕುವುದೆಂದು ತೀರ್ಮಾನವಾಯಿತು. ಅಣ್ಣ ವರಾಂಡದಲ್ಲಿ ಪೇಪರು ಹಿಡಿದು ಕೂತ. ನಾನು ಲೋಟಗಳನ್ನು ಅಡಿಗೆಮನೆಗೆ ಒಯ್ದೆ. ಅತ್ತಿಗೆ ಒರಳಿನ ಹತ್ತಿರ ನಿಂತು ನಾಳೆಯ ದೋಸೆಗೆ ಅಕ್ಕಿ ತೊಳೆಯುತ್ತಿದ್ದಳು. ಬಾಗಿಲ ಸಂದಿಯಲ್ಲಿ ಅವಳೂ ಅಷ್ಟಷ್ಟು ಸಿನಿಮಾ ನೋಡಿದ್ದಳು.

“ಆ ಚೀತಾ ಎಂತಾಯ್ತು ಕಡೆಗೆ?” ಎಂದು ಕೇಳಿದಳು.

“ಗೊತ್ತಿಲ್ಲ ಅತ್ತಿಗೆ. ತೋರಿಸಲಿಲ್ಲ.”

“ಅಷ್ಟು ಪ್ರೀತಿಯಿಂದ ಸಾಕಿದ್ದಳು” ಎಂದು ಅತ್ತಿಗೆ ಅಕ್ಕಿಯ ನೀರು ಬಸಿದಳು. ಆಮೇಲೆ ನನ್ನ ಕಡೆ ತಿರುಗದೆಯೇ, “ದೋಸೆಹಿಟ್ಟು ಹೊಟ್ಟೆಯಲ್ಲಿ ಅಷ್ಟು ಹೊತ್ತು ಅಂಟಿನ ಹಾಗೆ ಇರ್ತದಾ ಅಂತ ನಾನು ಎಷ್ಟು ವರ್ಷದಿಂದ ನಿನ್ನ ಹತ್ತಿರ ಕೇಳ್ಬೇಕು ಅಂತ ಇದ್ದೆ. ನೀನು ಕಲಿತವಳಲ್ವಾ” ಎಂದಳು.

ನಾನು ನಲ್ಲಿ ತಿರುಗಿಸಿ ಲೋಟ ತೊಳೆಯಲು ನಿಂತೆ.